ತಪ್ಪು ಹೇಳುವ ಪಾತ್ರ

ನಾಲ್ಕನೇ ತರಗತಿಯ ಟೀಚರಿಗೆ ಶಾಲೆಯಲ್ಲಿ ಬೆನ್ನ ಹಿಂದೆ ಒಂದು ಹೆಸರಿತ್ತು: ಗುತ್ತದೆ ಟೀಚರ್. ಅವರು ಪಾಠ ಮಾಡುವ ಕ್ರಮದಿಂದಲೇ ಹುಟ್ಟಿದ ಹೆಸರು ಅದು. ಯಾವ ವಾಕ್ಯವನ್ನೂ ಅವರು ಪೂರ್ತಿ ಹೇಳುತ್ತಿರಲಿಲ್ಲ. ಮುಕ್ಕಾಲು ಪಾಲು ತಾವು ಹೇಳಿ ಬಾಲವನ್ನು ಮಕ್ಕಳಿಗೆ ಬಿಡುತ್ತಿದ್ದರು. “ಭೂಮಿ ಸೂರ್ಯನ ಸುತ್ತ ತಿರು...” ಎಂದು ಹುಬ್ಬೇರಿಸಿದರೆ ಇಡೀ ತರಗತಿ “ಗುತ್ತದೆ” ಎನ್ನುತ್ತಿತ್ತು. “ನೀರು ಕಾದರೆ ಆವಿಯಾ...” ಎಂದರೂ “ಗುತ್ತದೆ”. ಕೊನೆಯ ಸಾಲಿನಲ್ಲಿ ನಿದ್ದೆ ಹೋದ ಹುಡುಗ ಕೂಡ ಕಣ್ಣು ಬಿಡದೆ ಸರಿಯಾದ ಹೊತ್ತಿಗೆ ಗುತ್ತದೆ ಎಂದು ಮಗ್ಗುಲು ಬದಲಿಸುತ್ತಿದ್ದ. ಮಕ್ಕಳು ಉಳಿದದ್ದನ್ನು ಕಲಿತರೋ ಬಿಟ್ಟರೋ, ಜಗತ್ತಿನಲ್ಲಿ ಏನೇ ಇದ್ದರೂ ಅದು ಕೊನೆಗೆ ಗುತ್ತದೆ ಎಂಬುದನ್ನಂತೂ ಗಟ್ಟಿಯಾಗಿ ಕಲಿತಿದ್ದರು.

ಮಕ್ಕಳ ಮೇಲೆ ಅವರಿಗೆ ಇದ್ದದ್ದು ಬರಿಯ ಪ್ರೀತಿಯಲ್ಲ, ಕಾವಲು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಎಲ್ಲರ ಪೆನ್ಸಿಲ್ ಚೂಪು ಮಾಡಿಡುತ್ತಿದ್ದರು. ಗೆರೆ ಸೊಟ್ಟಗಾದೀತೆಂದು ಪ್ರತಿಯೊಬ್ಬರ ಪುಸ್ತಕದ ಅಂಚಿಗೂ ತಾವೇ ಗೆರೆ ಎಳೆಯುತ್ತಿದ್ದರು. ಯಾರಿಗೆ ಬಾಯಾರಿಕೆಯಾಗಿದೆ ಎನ್ನುವುದು ಆ ಮಗುವಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಪರೀಕ್ಷೆಯ ಹಿಂದಿನ ದಿನ “ಸುಮ್ಮನೆ ಒಂದಷ್ಟು ಪ್ರಶ್ನೆ ನೋಡೋಣ” ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದ ಪ್ರಶ್ನೆಗಳೇ ಮಾರನೆಯ ದಿನ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುತ್ತಿದ್ದವು. ಈ ಕಾಕತಾಳೀಯ ಇಪ್ಪತ್ತು ವರ್ಷಕ್ಕೂ ಮೀರಿ ಒಮ್ಮೆಯೂ ತಪ್ಪಿರಲಿಲ್ಲ. ತಂದೆತಾಯಂದಿರು ಅವರನ್ನು ದೇವರಂತೆ ಕಂಡರು. ಐದನೇ ತರಗತಿಯ ಮೇಷ್ಟ್ರು ಮಾತ್ರ ಪ್ರತಿ ವರ್ಷ ಮೊದಲ ವಾರ ತಲೆ ಚಚ್ಚಿಕೊಳ್ಳುತ್ತಿದ್ದರು. ಅವರ ಮೇಜಿನ ಮುಂದೆ ಸಾಲುಗಟ್ಟಿ ನಿಂತ ಮಕ್ಕಳು ಕೇಳುತ್ತಿದ್ದುದು ಒಂದೇ: “ಸಾರ್, ಪುಟ ಮುಗೀತು. ಈಗ ಏನ್ ಮಾಡ್ಲಿ?”

ಮನೆಯಲ್ಲೂ ಅದೇ ಪದ್ಧತಿ, ಅಲ್ಲಿ ಬೇರೆಯವರ ಮಾತಿನ ಬಾಲವನ್ನೂ ಟೀಚರೇ ಹೇಳುತ್ತಿದ್ದರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಅವರ ಗಂಡ ಮದುವೆಯಾದಂದಿನಿಂದ ಒಂದು ಮಾತನ್ನೂ ಕೊನೆ ಮುಟ್ಟಿಸಿದವರಲ್ಲ; ಮೊದಮೊದಲು ಬೇಸರಪಟ್ಟರು, ಆಮೇಲೆ ಅದರಲ್ಲಿರುವ ಉಳಿತಾಯ ಕಂಡುಕೊಂಡರು. ಡಿಗ್ರಿ ಮುಗಿಸಿದ ಮಗ ಬೀರುವಿನ ಬಾಗಿಲು ತೆರೆದು ನಿಂತು ಅಡುಗೆಮನೆಯತ್ತ ಕೂಗುತ್ತಿದ್ದ: “ಅಮ್ಮಾ, ಇವತ್ತು ನಂಗೆ ಚಳಿ ಆಗ್ತಿದೆಯಾ?”

“ಆಗ್ತಿದೆ, ಸ್ವೆಟರ್ ಹಾಕ್ಕೋ” ಎನ್ನುತ್ತಿದ್ದರು ಟೀಚರ್, ಒಲೆಯಿಂದ ಕಣ್ಣು ತೆಗೆಯದೆ.

ಹೀಗೆ ಎಲ್ಲವೂ ಸುಖವಾಗಿರುವಾಗ ಮುಖ್ಯೋಪಾಧ್ಯಾಯಿನಿ ಮೂರು ದಿನದ ತರಬೇತಿಗೆ ಹೋಗಿಬಂದರು. ಶಾಲೆಯಲ್ಲಿ ಎಲ್ಲರ ಬಾಯಲ್ಲಿ ಅವರು ದೊಡ್ಡ ಮೇಡಂ. ತರಬೇತಿಗೆ ಹೋಗುವಾಗ ಅವರ ಕೈಯಲ್ಲಿ ಒಂದು ಚೀಲವಿತ್ತು. ಬರುವಾಗ ಚೀಲದ ಜೊತೆಗೆ ಒಂದು ಸಿದ್ಧಾಂತವೂ ಇತ್ತು. ಅಂದು ಸಂಜೆಯೇ ಶಿಕ್ಷಕರನ್ನೆಲ್ಲ ಕೂರಿಸಿಕೊಂಡರು.

“ಮಕ್ಕಳು ತಮ್ಮ ಕಲಿಕೆಗೆ ತಾವೇ ಹೊಣೆ ಆಗ್ಬೇಕು. ನಾವು ಬಾಯಿ ಮುಚ್ಚಿಕೊಳ್ಳೋದು ಕಲೀಬೇಕು” ಎಂದು ಶುರು ಮಾಡಿದವರು ಮುಂದಿನ ಒಂದು ಗಂಟೆ ಬಾಯಿ ಮುಚ್ಚಲಿಲ್ಲ.

ತೀರ್ಮಾನ ಇಷ್ಟು: ಪೋಷಕರ ದಿನದಂದು ಪ್ರತಿ ತರಗತಿಯಲ್ಲೂ ಮಕ್ಕಳೇ ಪಾಠ ನಡೆಸಬೇಕು. ತಂದೆತಾಯಂದಿರು ನೋಡಬೇಕು. ಟೀಚರ್ ಕೊನೆಯ ಬೆಂಚಿನಲ್ಲಿ ಕೂರಬೇಕು. ದೊಡ್ಡ ಮೇಡಂ ಸುತ್ತಲೂ ನೋಡಿ, ಕಣ್ಣನ್ನು ಗುತ್ತದೆ ಟೀಚರ ಮೇಲೆ ತಂದು ನಿಲ್ಲಿಸಿದರು. “ಅವತ್ತು ಯಾರ ಬಾಯಿ ತೆರೆಯುತ್ತೋ, ಮುಂದಿನ ವರ್ಷ ಅವರ ಕ್ಲಾಸು ಹೊಸದಾಗಿ ಬರೋ ಮೇಡಂಗೆ. ಬಾಯಿ ತೆರೆದವರು ಸ್ಟೋರ್ ರೂಮ್ ನೋಡ್ಕೊಳ್ಳಲಿ. ನಾನು ಯಾರ ಹೆಸರೂ ಹೇಳ್ತಿಲ್ಲ.”

ಹೆಸರು ಹೇಳುವ ಅಗತ್ಯವೂ ಇರಲಿಲ್ಲ. ಅಲ್ಲಿದ್ದವರೆಲ್ಲ ಆಗಲೇ ತಿರುಗಿ ನೋಡುತ್ತಿದ್ದರು.

ಸ್ಟೋರ್ ರೂಮ್ ಎಂದರೆ ಸೀಮೆಸುಣ್ಣದ ಡಬ್ಬಿಗಳು, ಗಾಳಿ ಹೋದ ಚೆಂಡುಗಳು, ಅಕ್ಷದಿಂದ ಕಳಚಿದ ಒಂದು ಭೂಗೋಳ. ಆ ಭೂಗೋಳದ ಮುಂದೆ ನಿಂತು ತಿರು ಎಂದರೆ ಉತ್ತರ ಕೊಡುವವರು ಯಾರು? ನಾಲ್ಕನೇ ತರಗತಿ ಟೀಚರಿಗೆ ಬರಿಯ ಸಂಬಳದ ಕೆಲಸವಾಗಿರಲಿಲ್ಲ. ರಜೆಯ ಎರಡನೇ ವಾರದಿಂದಲೇ ಮನೆಯಲ್ಲಿ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ಆ ಕೋಣೆ ತಪ್ಪಿಹೋದರೆ ತಾನು ಏನು ಎಂಬ ವಾಕ್ಯವನ್ನು ಅವರಿಗೂ ಮುಗಿಸಲಾಗಲಿಲ್ಲ.

“ಕ್ಲಾಸು ಉಳಿಸಿಕೊಳ್ಳೋಕೆ ಬಾಯಿ ಮುಚ್ಚಿದ್ರೆ ಸಾಕಲ್ವೇನೇ?” ಎಂದರು ಗಂಡ, ಆ ರಾತ್ರಿ. ಹೆಂಡತಿ ಯೋಚನೆಯಲ್ಲಿ ಮುಳುಗಿದ್ದರಿಂದ ಅಪರೂಪಕ್ಕೆ ಅವರ ಮಾತು ಪೂರ್ತಿಯಾಗಿತ್ತು. ಅದಕ್ಕೆ ಅವರೇ ಬೆಚ್ಚಿದರು.

“ನಿಮಗೇನ್ರೀ, ನೀವು ಕಾಗದದ ಜೊತೆ ಕೆಲಸ ಮಾಡೋರು. ಕಾಗದ ತಪ್ಪು ಉತ್ತರ ಹೇಳಲ್ಲ.”

ಮರುದಿನದಿಂದಲೇ ನಾಲ್ಕನೇ ತರಗತಿಯಲ್ಲಿ ಸ್ವಾವಲಂಬನೆಯ ತಾಲೀಮು ಶುರುವಾಯಿತು. ಅದನ್ನು ಇಷ್ಟು ಕಟ್ಟುನಿಟ್ಟಾಗಿ ಬೇರೆ ಯಾರೂ ಅಭ್ಯಾಸ ಮಾಡಿಸಿರಲಾರರು. ಪಾಠ: ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ. ಯಾರಿಗೆ ಸಂದೇಹ ಬರಬೇಕು, ಯಾವಾಗ ಬರಬೇಕು ಎಂದು ಟೀಚರ್ ಗೊತ್ತು ಮಾಡಿದರು. ಕಿಟಕಿ ಪಕ್ಕದ ಇಬ್ಬರಿಗೆ ಕುತೂಹಲವನ್ನು ವಹಿಸಿದರು. ಇದ್ದಕ್ಕಿದ್ದಂತೆ ಹೊಳೆಯುವ ವಿಚಾರವನ್ನು ಒಬ್ಬಳಿಗೆ ಕೊಟ್ಟು, ಹೊಳೆಯುವಾಗ ಕಣ್ಣು ಎಷ್ಟು ಅಗಲವಾಗಬೇಕೆಂದು ತೋರಿಸಿಕೊಟ್ಟರು. ತರಗತಿಗೆ ಮೊದಲಿಗಳಾದ, ಗಂಟೆ ಹೊಡೆದಂತೆ ಮಾತಾಡುವ, ಅದಕ್ಕೇ ‘ಗಂಟೆ’ ಎಂದು ಕರೆಸಿಕೊಳ್ಳುವ ಹುಡುಗಿಗೆ ಪಾಠ ನಡೆಸುವ ಕೆಲಸ. ಉಳಿದದ್ದು ಒಂದೇ ಪಾತ್ರ. ಮಕ್ಕಳೇ ಮಕ್ಕಳನ್ನು ತಿದ್ದಬೇಕಾದರೆ ಯಾರಾದರೊಬ್ಬರು ತಪ್ಪು ಹೇಳಬೇಕಲ್ಲ. ಅದು ಸಹಜವಾಗಿ ‘ನಿಧಾನಿ’ಗೆ ಬಂತು. ಪ್ರಶ್ನೆ ಕೇಳಿದ ಮೇಲೆ ಗೋಡೆ ನೋಡುತ್ತ ನಿಲ್ಲುವ ಹುಡುಗ ಅವನು.

“ನೀನು ನಾಲ್ಕನೇ ಒಂದು ದೊಡ್ಡದು ಅಂತ ಹೇಳ್ಬೇಕು. ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ, ಅದಕ್ಕೆ ಅನ್ನು. ಗೊತ್ತಾಯ್ತಾ?”

“ಅದು ತಪ್ಪಾ ಟೀಚರ್?”

“ಹೌದು ಪುಟ್ಟ, ತಪ್ಪು.”

“ಯಾಕೆ ತಪ್ಪು?”

“ಅದು ನಿನ್ನ ಮಾತಲ್ಲ, ಗಂಟೆ ಮಾತು. ನೀನು ತಪ್ಪನ್ನ ಸರಿಯಾಗಿ ಹೇಳು, ಸಾಕು.”

ಹುಡುಗ ಗೋಡೆ ನೋಡುತ್ತ ನಿಂತ. ಟೀಚರಿಗೆ ಅದು ಒಪ್ಪಿಗೆಯಂತೆ ಕಂಡಿತು.

ಆ ದಿನ ಬಂತು. ಗೋಡೆಗೆ ಒಂದೇ ಅಳತೆಯ ಎರಡು ಉದ್ದನೆಯ ಬಣ್ಣದ ಕಾಗದದ ಪಟ್ಟಿಗಳು: ಒಂದರ ಮೇಲೆ ‘ನನ್ನ ಕಲಿಕೆ’, ಇನ್ನೊಂದರ ಮೇಲೆ ‘ನನ್ನ ಹೊಣೆ’. ಅಕ್ಷರ ಟೀಚರದೇ, ಮಕ್ಕಳು ಬರೆದರೆ ಸೊಟ್ಟಗಾಗುತ್ತಿತ್ತು. ಗೋಡೆಯುದ್ದಕ್ಕೂ ತಂದೆತಾಯಂದಿರು ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಮಡಿಚಿ ಕೂತಿದ್ದರು. ನಿಧಾನಿಯ ಅಪ್ಪ ಬಸ್ ಡ್ರೈವರ್; ಎರಡು ಟ್ರಿಪ್ಪುಗಳ ನಡುವೆ ಬಿಡುವು ಮಾಡಿಕೊಂಡು ಯೂನಿಫಾರಂನಲ್ಲೇ ಬಂದು ಬಾಗಿಲ ಬಳಿ ನಿಂತಿದ್ದರು. ಟೀಚರ್ ಕೊನೆಯ ಬೆಂಚಿನಲ್ಲಿ, ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತರು. ಅವರ ಪಕ್ಕದಲ್ಲೇ, ಕಾವಲಿಗೆ, ದೊಡ್ಡ ಮೇಡಂ.

ಮೊದಲ ಹತ್ತು ನಿಮಿಷ ಮಕ್ಕಳ ಸ್ವಂತ ಬುದ್ಧಿ ಗಡಿಯಾರದಂತೆ ನಡೆಯಿತು. ಕುತೂಹಲ ಹೊತ್ತಿಗೆ ಸರಿಯಾಗಿ ಬಂತು. ಸಂದೇಹ ಬಂತು. ಆಮೇಲೆ ಗಂಟೆ ಕೇಳಿದಳು: “ಮೂರನೇ ಒಂದು, ನಾಲ್ಕನೇ ಒಂದು. ಯಾವುದು ದೊಡ್ಡದು? ಯಾರು ಬೇಕಾದರೂ ಹೇಳಬಹುದು.” ಯಾರು ಬೇಕಾದರೂ ಎಂದಾಗ ಎದ್ದವನು ನಿಧಾನಿ ಒಬ್ಬನೇ.

ಅವನು ಬಾಗಿಲ ಕಡೆ ಒಮ್ಮೆ ನೋಡಿದ. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

“ಮೂರನೇ ಒಂದು ದೊಡ್ಡದು” ಎಂದ ನಿಧಾನಿ.

“ತಪ್ಪು” ಎಂದಳು ಗಂಟೆ, ಕಲಿತಿದ್ದ ನಗುವಿನೊಂದಿಗೆ. “ಮೂರನೇ ಒಂದೇ ದೊಡ್ಡದು. ಆದರೂ ಪ್ರಯತ್ನ ಪಟ್ಟೆಯಲ್ಲ, ಎಲ್ಲರೂ ಚಪ್ಪಾಳೆ ತಟ್ಟಿ.”

ಎಲ್ಲರೂ ತಟ್ಟಿದರು. ತಂದೆತಾಯಂದಿರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ನಾನು ಹೇಳಿದ್ದೂ ಅದೇ ಅಲ್ವಾ?”

“ನೀನು ತಪ್ಪು ಹೇಳ್ಬೇಕಿತ್ತು ಕಣೋ” ಎಂದಳು ಗಂಟೆ, ನಗು ಬಿಟ್ಟು. “ಟೀಚರ್ ನಿಂಗೆ ತಪ್ಪು ತಾನೇ ಕೊಟ್ಟಿದ್ದು?”

“ಮನೇಲಿ ಬಾಯಿಪಾಠ ಮಾಡ್ತಿದ್ದೆ. ಯಾಕೆ ತಪ್ಪು ಅಂತ ಪೇಪರ್ ಮಡಿಸಿ ನೋಡ್ದೆ. ಗೊತ್ತಾಗೋಯ್ತು.” ಅವನು ಮತ್ತೆ ಬಾಗಿಲ ಕಡೆ ನೋಡಿದ. “ಅಪ್ಪನ ಮುಂದೆ ಗೊತ್ತಿದ್ದೂ ತಪ್ಪು ಹೇಳ್ಲಾ?”

ಕೋಣೆಯ ಎಲ್ಲ ಕಣ್ಣುಗಳೂ ಕೊನೆಯ ಬೆಂಚಿಗೆ ತಿರುಗಿದವು. ದೊಡ್ಡವರ ಕಣ್ಣಲ್ಲಿ ವಿಚಾರಣೆ ಇತ್ತು. ಮಕ್ಕಳಿಗೆ ಅದೇನೂ ಬೇಕಿರಲಿಲ್ಲ, ಅವರು ನೋಡಿದ್ದು ಟೀಚರ ತುಟಿಗಳನ್ನು. ಮುಂದಿನ ಮಾತಿನ ಮುಕ್ಕಾಲು ಪಾಲು ಅಲ್ಲಿಂದಲೇ ಬರಬೇಕಿತ್ತು. ಟೀಚರ್ ತುಟಿ ಕಚ್ಚಿ ಹಿಡಿದರು. ಮಾತು ನಾಲಿಗೆಯ ತುದಿಗೆ ಬಂದು, ಸ್ಟೋರ್ ರೂಮಿನ ವಾಸನೆ ನೆನಪಾಗಿ, ಹಿಂದಿರುಗಿತು.

ಬಾಯಿ ತೆರೆದದ್ದು ದೊಡ್ಡ ಮೇಡಂ. “ಮಕ್ಕಳೇ, ಭಾಗ ಹೆಚ್ಚಾದಂತೆ ತುಂಡು ಚಿಕ್ಕದಾ...”

“ಗುತ್ತದೆ” ಎಂದಿತು ತರಗತಿ, ನೆಮ್ಮದಿಯಿಂದ.

“ಅಂದ್ರೆ?” ಎಂದರು ಡ್ರೈವರ್, ಬಾಗಿಲಿಂದಲೇ. ತಿಳಿಯದೆ ಕೇಳಿದ್ದರು ಅಷ್ಟೇ.

ತರಗತಿಯ ಬಳಿ ಅದಕ್ಕೆ ಬಾಲ ಇರಲಿಲ್ಲ. ನಿಧಾನಿ ಸುತ್ತ ನೋಡಿದ, ಕಾಗದ ಕಾಣಲಿಲ್ಲ. ಹೋಗಿ ಗೋಡೆಯಿಂದ ‘ನನ್ನ ಕಲಿಕೆ’ಯನ್ನೂ ‘ನನ್ನ ಹೊಣೆ’ಯನ್ನೂ ಕಿತ್ತು ನೆಲದ ಮೇಲೆ ಹಾಸಿದ. ದೊಡ್ಡ ಮೇಡಂ ಗಂಟಲಲ್ಲಿ ಏನೋ ಸದ್ದು ಮಾಡಿದರು. ‘ಹೊಣೆ’ಯನ್ನು ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ ಮಡಿಸಿ ನಾಲ್ಕು ಮಾಡಿದ. ಅದು ಸಲೀಸು. ಮೂರು ಮಡಿಸುವುದು ಸಲೀಸಲ್ಲ. ‘ಕಲಿಕೆ’ಯನ್ನು ಅತ್ತ ಒಮ್ಮೆ ಇತ್ತ ಒಮ್ಮೆ ಮಡಿಸಿ, ತುದಿಯ ತುಂಡು ಹರಿದು, ನಾಲ್ಕನೇ ಒಂದರ ಪಕ್ಕ ಇಟ್ಟ.

ಮೂರನೇ ಒಂದು ಚಿಕ್ಕದಾಗಿತ್ತು.

“ನೋಡ್ರೋ, ನಾಲ್ಕೇ ದೊಡ್ಡದು” ಎಂದಿತು ಕಿಟಕಿ ಪಕ್ಕದ ಕುತೂಹಲ. “ಹೌದು, ನಾಲ್ಕೇ” ಎಂದು ಅರ್ಧ ತರಗತಿ ಎದ್ದು ಬಂತು. ನಿಧಾನಿ ತುಂಡನ್ನು ತಿರುಗಿಸಿ ಮತ್ತೆ ಇಟ್ಟು ನೋಡಿದ. ಡ್ರೈವರ್ ಎರಡು ಹೆಜ್ಜೆ ಮುಂದೆ ಬಂದು ಬಗ್ಗಿ, “ಕೊಡು ಮಗಾ, ನಾನು ಮಡಿಸ್ತೀನಿ” ಎಂದರು.

“ಅಪ್ಪಾ, ಸುಮ್ನಿರಿ. ನಾನೇ ನೋಡ್ತೀನಿ.”

ಟೀಚರ್ ಬೆಂಚಿನ ತುದಿಗೆ ಸರಿದರು. ಅವರ ಮೂವತ್ತು ಮಕ್ಕಳು ಕಣ್ಣೆದುರೇ ಸುಳ್ಳೊಂದನ್ನು ಪುರಾವೆ ಸಮೇತ ಕಲಿಯುತ್ತಿದ್ದರು. ಒಂದು ಮಾತು, ಅರ್ಧ ಮಾತು ಸಾಕಿತ್ತು. ಆಡಿದರೆ ಮಕ್ಕಳಿಗೆ ಸರಿ ಉತ್ತರ, ತನಗೆ ಸ್ಟೋರ್ ರೂಮ್. ಆಡದಿದ್ದರೆ ಈ ಮಕ್ಕಳು ತಪ್ಪನ್ನೇ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ಅವರು ಆಡಲಿಲ್ಲ. ಅದಕ್ಕೆ ಯಾವ ಶಿಕ್ಷಣತತ್ವವೂ ಕಾರಣವಲ್ಲ, ಬರಿಯ ಹೆದರಿಕೆ. ಹೊರಗಿನಿಂದ ನೋಡಿದವರಿಗೆ ಮಾತ್ರ ಅದು ಮಹಾ ಸಂಯಮದಂತೆ ಕಾಣುತ್ತಿತ್ತು.

ಆಗ ಗಂಟೆ ನೆಲದ ಮೇಲೆ ಮೊಣಕಾಲೂರಿದಳು. ಇಸ್ತ್ರಿ ಮಾಡಿದ ಲಂಗಕ್ಕೆ ಧೂಳು ಹತ್ತಿತು. ಅವಳು ಉಳಿದೆರಡು ತುಂಡುಗಳನ್ನು ಬಿಡಿಸಿ ಹರಿದ ತುಂಡಿನ ಪಕ್ಕ ಇಟ್ಟಳು.

“ಇದು ಇಷ್ಟುದ್ದ, ಇದು ಅಷ್ಟುದ್ದ. ನೀನು ಮಾಡಿದ್ದು ಮೂರು ತುಂಡು ಕಣೋ. ಮೂರನೇ ಒಂದು ಅಲ್ಲ.”

“ಒಂದೇ ಅಳತೆ ಇರ್ಬೇಕಾ?”

“ಇಲ್ದಿದ್ರೆ ಚಿಕ್ಕ ತುಂಡು ಸಿಕ್ಕವನು ಸುಮ್ನಿರ್ತಾನಾ?”

ಈ ವಾದವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳಿಗೆ ಇಬ್ಬರು ಅಣ್ಣಂದಿರಿದ್ದರು. ಸ್ಕೇಲು ಬಂತು. ಪಟ್ಟಿ ಎಪ್ಪತ್ತು ಸೆಂಟಿಮೀಟರ್. ಮೂವತ್ತು ತಲೆಗಳು ಅದರ ಮೇಲೆ ಬಗ್ಗಿದವು. ಮೂರಕ್ಕೂ ಇಪ್ಪತ್ತಮೂರು ಇಪ್ಪತ್ತಮೂರು ಕೊಟ್ಟರೆ ಒಂದು ಉಳಿಯಿತು. ನಾಲ್ಕರ ತುಂಡು ಹದಿನೇಳೂವರೆ. ಯಾವುದು ದೊಡ್ಡದೆಂಬ ಪ್ರಶ್ನೆ ಅಲ್ಲಿಗೆ ಸತ್ತಿತು, ಅದನ್ನು ಯಾರೂ ಗಮನಿಸಲೂ ಇಲ್ಲ. ಉಳಿದ ಒಂದು ಸೆಂಟಿಮೀಟರ್ ಯಾವ ತುಂಡಿಗೆ ಸೇರಬೇಕೆಂದು ಜಗಳ ಹತ್ತಿಕೊಂಡಿತ್ತು. ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ. ಡ್ರೈವರ್ ಗಡಿಯಾರ ನೋಡಿಕೊಂಡು, ಟೋಪಿ ಹಾಕಿಕೊಂಡು ಹೊರಟರು. ಆ ದಿನ ಒಂದು ಬಸ್ಸು ತಡವಾಗಿ ಹೊರಟಿತು.

ಸಂಜೆ ದೊಡ್ಡ ಮೇಡಂ ತಮ್ಮ ಕೋಣೆಗೆ ಕರೆಸಿಕೊಂಡರು. ಟೀಚರ್ ನಿಂತೇ ಇದ್ದರು.

“ಆ ಹುಡುಗನಿಗೆ ತಪ್ಪು ಹೇಳು ಅಂತ ಹೇಳಿಕೊಟ್ಟಿದ್ದು ಯಾರು?”

“ನಾನೇ ಮೇಡಂ.”

“ಬಾಯಿ ತೆರೆದ್ರಾ?”

“ಇಲ್ಲ.” ಟೀಚರ್ ಸೇರಿಸಿದರು: “ಒಬ್ಬರು ತೆರೆದ್ರು. ಅವರ ಹತ್ರ ಕ್ಲಾಸು ಇಲ್ಲ.”

ದೊಡ್ಡ ಮೇಡಂ ಕನ್ನಡಕ ತೆಗೆದು ಒರೆಸಿದರು. “ಸರಿ, ನಾಲ್ಕನೇ ಕ್ಲಾಸು ನಿಮಗೇ ಇರಲಿ. ಪೋಷಕರು ತುಂಬಾ ಮೆಚ್ಚಿಕೊಂಡ್ರು. ನಾನೂ ಯೋಚನೆ ಮಾಡ್ದೆ. ಮುಂದಿನ ಸಲ ಎಲ್ಲ ಕ್ಲಾಸಲ್ಲೂ ಹಾಗೇ ಮಾಡಿಸೋಣ. ಯಾರು ಪಟ್ಟಿ ಕೀಳ್ಬೇಕು, ಯಾರು ಸೊಟ್ಟಗೆ ಮಡಿಸ್ಬೇಕು, ಯಾರು ಜಗಳ ತೆಗೀಬೇಕು, ಎಲ್ಲರಿಗೂ ನೀವೇ ಪ್ರಾಕ್ಟೀಸ್ ಮಾಡಿಸಿ. ನಿಮಗೆ ಅನುಭವ ಇದೆ.”

ಟೀಚರ್ ಬಾಗಿಲವರೆಗೆ ಹೋಗಿ ತಿರುಗಿದರು.

“ಮೇಡಂ, ನಾಳೆಗೆ ಬಣ್ಣದ ಕಾಗದ ಬೇಕಿತ್ತು. ಒಂದಷ್ಟು ಜಾಸ್ತಿನೇ.”

“ಹೊಸ ಪಟ್ಟಿ ಬರೆಯೋಕಾ? ಬರೀರಿ, ಬರೀರಿ. ಈ ಸಲ ಗಟ್ಟಿ ಅಂಟು ಹಾಕಿ.”

“ಬರೆಯೋಕಲ್ಲ. ಆ ಒಂದು ಸೆಂಟಿಮೀಟರ್ ಯಾರದು ಅಂತ ಇನ್ನೂ ತೀರ್ಮಾನ ಆಗಿಲ್ಲ.”

“ಅದಕ್ಕೇನಂತೆ, ಒಂದನ್ನೂ ಮೂರು ಭಾಗ ಮಾಡಿ ಹಂಚಿಕೊಳ್ಳಿ ಅಂತ ನೀವೇ ಹೇಳಿಬಿಡಿ.”

“ನನಗೂ ಗೊತ್ತಿದೆ ಮೇಡಂ” ಎಂದರು ಟೀಚರ್. “ಆದ್ರೆ ಬೆಲ್ ಹೊಡೆದ ಮೇಲೆ ಗಂಟೆ ನನ್ನ ಹತ್ರ ಬಂದು ಹೇಳಿ ಹೋಗಿದ್ದಾಳೆ. ನಾಳೆ ನಾವು ಮುಗಿಸೋ ತನಕ ನೀವು ಹಿಂದೇನೇ ಕೂತಿರಿ ಟೀಚರ್, ಅಂತ.”

ಅವರು ಕಾಗದ ತರಲು ಸ್ಟೋರ್ ರೂಮಿನ ಬೀಗದ ಕೈ ತೆಗೆದುಕೊಂಡು ಹೊರಟರು.