ಲಾರಿ ಮಾಡಿದ ಗುಂಡಿ, ಹುಡುಗಿಯರ ಕಾಲಿಗೆ ಟೇಪು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಂಧ್ರ ಗಡಿಯ ನಂಗಲಿ ಕಡೆಯ ಹೆದ್ದಾರಿಗೆ ಅಂಟಿಕೊಂಡಿರುವ ಒಂದು ಹೈಸ್ಕೂಲಿನ ಮೈದಾನದಿಂದ ಕೊನೆಯ ಲಾರಿ ಹಿಂದಕ್ಕೆ ಬರುತ್ತಿದೆ. ಕ್ಲೀನರ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೈ ಬೀಸಿ ದಾರಿ ತೋರಿಸುತ್ತಾನೆ. ರಾತ್ರಿ ಮಳೆ ಬಿದ್ದು ನೆಲ ಮೆತ್ತಗಾಗಿದೆ. ಲಾರಿ ರಸ್ತೆಗೆ ಏರಿದ ಮೇಲೆ ನೋಡಿದರೆ ಕಬಡ್ಡಿ ಅಂಕಣದ ಸುಣ್ಣದ ಗೆರೆಗಳನ್ನೆಲ್ಲ ಕಲಸಿಕೊಂಡು, ಈ ತುದಿಯಿಂದ ಆ ತುದಿಗೆ, ಅರ್ಧ ಗೇಣು ಆಳದ ಎರಡು ಗಾಲಿಜಾಡು.

ಶ್ಯಾಮಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸನಿಕೆ ಹಿಡಿಯುತ್ತಾರೆ. ಮೈದಾನದ ಮೂಲೆಯಿಂದ ಮಣ್ಣು ತೋಡಿ ಬಾಂಡಲಿಯಲ್ಲಿ ಹೊತ್ತು ತಂದು ಜಾಡಿಗೆ ಸುರಿಯುತ್ತಾರೆ, ತುಳಿಯುತ್ತಾರೆ, ಮರದ ದಿಮ್ಮಿಯಿಂದ ಬಡಿಯುತ್ತಾರೆ. ಮತ್ತೆ ಮಣ್ಣು, ಮತ್ತೆ ಬಡಿತ. ಐವತ್ತು ದಾಟಿದ ಹೆಂಗಸು. ಇವರಿಗೆ ಸಂಬಳ ಬರುವುದು ಶಾಲೆಯ ಕೊಠಡಿ ಗುಡಿಸುವುದಕ್ಕೆ. ಈ ಮಣ್ಣು ಹೊರುವ ಕೆಲಸ ಯಾರೂ ಹೇಳಿದ್ದಲ್ಲ, ಯಾರೂ ಕೊಟ್ಟದ್ದಲ್ಲ. ಹುಡುಗಿಯರು ಆರೂವರೆಗೆ ಆಡಲು ಬರುವುದರೊಳಗೆ ನೆಲ ಸಮ ಆಗಿರಬೇಕು, ಅಷ್ಟೇ ಅವರ ಲೆಕ್ಕ.

ಊರಿನ ಹೆಸರು ಬರೆಯಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಆದರೆ ಒಂದು ಮಾತು ಕೇಳದೆ ಇರಲಾರೆ. ಇದು ಮಕ್ಕಳ ಮೈದಾನವೋ, ಲಾರಿ ಸ್ಟ್ಯಾಂಡೋ? ಗೇಟಿಗೆ ಬೀಗವಿತ್ತಂತೆ. ಎರಡು ವರ್ಷದ ಹಿಂದೆ ಅದು ಮಾಯವಾಯಿತು. ಅಂದಿನಿಂದ ರಾತ್ರಿಯಾದರೆ ಲಾರಿಗಳು ಒಳಗೆ, ಬೆಳಗಾದರೆ ಮಕ್ಕಳು ಒಳಗೆ. ನಡುವೆ ಒಬ್ಬ ಹೆಂಗಸು, ಒಂದು ಸನಿಕೆ.

ಹುಡುಗಿಯರು ಬರತೊಡಗುತ್ತಾರೆ. ಶ್ಯಾಮಲಮ್ಮ ಕೈ ತೊಳೆದು ಬೇವಿನ ಮರದ ಕಟ್ಟೆ ಮೇಲೆ ಕೂರುತ್ತಾರೆ. ಈಗ ಎರಡನೆಯ ಕೆಲಸ. ಹಿಂದೆ ಕಾಲು ಉಳುಕಿಸಿಕೊಂಡವರಿಗೆ ಕಾಲಿನ ಗಿಣ್ಣಿನ ಸುತ್ತ ಟೇಪು ಹಾಕಬೇಕು. ಶಾಲೆಯ ಪಿ.ಟಿ. ಮೇಷ್ಟ್ರು ಕಾಂತರಾಜ್ ಗಂಡಸು. ಬೆಳೆದ ಹುಡುಗಿಯರ ಕಾಲು ಹಿಡಿದರೆ ನಾಳೆ ಊರಲ್ಲಿ ಮಾತಾಗುತ್ತದೆ ಎಂದು ಅವರಿಗೆ ಅಳುಕು. ಹೀಗಾಗಿ ಈ ಕೆಲಸ ಗುಡಿಸುವವರ ಪಾಲಿಗೆ ಬಂತು. ಅದಕ್ಕೂ ಒಂದು ತೊಡಕಿತ್ತು. ಹಿರಿಯರ ತೊಡೆ ಮೇಲೆ ಕಾಲಿಡುವುದುಂಟೇ? ಮೊದಮೊದಲು ಒಬ್ಬಳೂ ಇಡುತ್ತಿರಲಿಲ್ಲವಂತೆ. ಈಗ ಪ್ರತಿಯೊಬ್ಬಳೂ ಶ್ಯಾಮಲಮ್ಮನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಮೆಲ್ಲಗೆ ಕಾಲಿಡುತ್ತಾಳೆ. ಎಲ್ಲರಿಗೂ ಅವರು ಪೆದ್ದಮ್ಮ. ಈ ಗಡಿಯಲ್ಲಿ ದೊಡ್ಡಮ್ಮನನ್ನು ಕರೆಯುವುದು ಹಾಗೆಯೇ.

ಆದರೆ ಕೇಳಿದವರಿಗೆಲ್ಲ ಟೇಪು ಸಿಗುವುದಿಲ್ಲ. ಕಟ್ಟೆಯ ಪಕ್ಕದಲ್ಲಿ ಶ್ಯಾಮಲಮ್ಮ ಕಡ್ಡಿಯಿಂದ ಕುಂಟೆಬಿಲ್ಲೆಯ ಮನೆಗಳನ್ನು ಗೀಚಿಟ್ಟಿದ್ದಾರೆ. ನೋವಿದ್ದ ಕಾಲಿನಲ್ಲೇ ಕುಂಟಿಕೊಂಡು ಎಲ್ಲ ಮನೆ ದಾಟಿ, ತಿರುಗಿ, ವಾಪಸು ಬರಬೇಕು. ಮುಖ ಕಿವುಚದೆ ಬಂದರೆ ಟೇಪು. ಕಾಲು ಊರಿದರೆ, ತುಟಿ ಕಚ್ಚಿದರೆ, ಆ ದಿನ ಆಟವಿಲ್ಲ, ಟೇಪೂ ಇಲ್ಲ.

ಟೇಪು ಹಾಕುವುದನ್ನು ಅವರಿಗೆ ಕಲಿಸಿದ್ದು ಕೋಲಾರದಲ್ಲಿ ಫಿಸಿಯೋಥೆರಪಿ ಮಾಡುವ ಚಂದನ. ಒಂದು ಶಿಬಿರಕ್ಕೆ ಬಂದವರು, ಹುಡುಗರು ಟೊಮೆಟೊ ಪೆಟ್ಟಿಗೆಗೆ ಅಂಟಿಸುವ ಕಂದು ಟೇಪನ್ನೇ ಕಾಲಿಗೆ ಸುತ್ತಿಕೊಂಡು, ಕಿತ್ತಾಗ ಚರ್ಮವನ್ನೂ ಕಿತ್ತುಕೊಳ್ಳುವುದನ್ನು ನೋಡಿ ತಲೆ ಚಚ್ಚಿಕೊಂಡರಂತೆ. ಆಟಗಾರರು ಟೇಪು ಹಾಕಬೇಕೋ ಬೇಡವೋ ಎಂದು ಅವರನ್ನು ಫೋನಿನಲ್ಲಿ ಕೇಳಿದೆ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದು ಸುಲಭ, ಅಂಥವರಿಗೆ ಟೇಪು ನಿಜವಾಗಿಯೂ ಆಸರೆ ಎಂದರು. ಎಂದೂ ಉಳುಕದವರಿಗೆ ಅಷ್ಟೇನೂ ಲಾಭವಿಲ್ಲ, ಬೆವರಿದರೆ ಸಡಿಲವೂ ಆಗುತ್ತದೆ. ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿ ಕಾಲು ಗಟ್ಟಿ ಮಾಡಿಕೊಳ್ಳುವುದು ಬಿಟ್ಟು ಟೇಪೊಂದನ್ನೇ ನಂಬಬಾರದು. ಇನ್ನು, ಊದಿಕೊಂಡ ಹಸಿ ಉಳುಕಿಗೆ ಟೇಪು ಬಿಗಿದು ಅಂಕಣಕ್ಕೆ ಇಳಿಸುವುದು ಆಟವಲ್ಲ, ಪಾಪ ಎಂದರು. ಅಷ್ಟು ಹೊತ್ತು ಶಾಂತವಾಗಿ ಮಾತಾಡಿದವರ ದನಿ ಅಲ್ಲಿ ಗಡುಸಾಯಿತು.

ಆ ಪಾಪದ ಪರಿಚಯ ಶ್ಯಾಮಲಮ್ಮನಿಗೆ ಮನೆಯಲ್ಲೇ ಇದೆ. ಮಗಳು ಮುನಿಲಕ್ಷ್ಮಿ ಇದೇ ಶಾಲೆಯಲ್ಲಿ ಕಬಡ್ಡಿ ಆಡಿದವಳು. ಕಾಲು ಉಳುಕಿದಾಗ ಮನೆಯವರು ಕರೆದುಕೊಂಡು ಹೋದದ್ದು ಡಾಕ್ಟರ ಬಳಿಗಲ್ಲ. ತಾಯಿ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಉಳುಕು ಬಿಡುತ್ತದೆ ಎಂದು ನಂಬುವವರು ಈ ಕಡೆ ಇನ್ನೂ ಇದ್ದಾರೆ. ಹಾಗೆ ಹುಟ್ಟಿದ ಒಬ್ಬಾತ ಎಣ್ಣೆ ಹಚ್ಚಿ, ಎಳೆದು, ಊದಿದ ಕಾಲನ್ನು ತುಳಿದ. ಮೂರನೆಯ ದಿನ ಬಟ್ಟೆ ಬಿಗಿದು ಆಡಿಸಿದರು. ಗೆದ್ದರು ಕೂಡ, ಆ ಕಪ್ ಈಗಲೂ ಆಫೀಸ್ ರೂಮಿನಲ್ಲಿದೆ. ಮುನಿಲಕ್ಷ್ಮಿ ಈಗ ಮಾಲೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಇಡೀ ದಿನ ನಿಂತು ಮಾಡುವ ಕೆಲಸದಲ್ಲಿದ್ದಾಳೆ.

"ಇವತ್ತಿಗೂ ಮೆಟ್ಲು ಇಳೀಬೇಕಾದ್ರೆ ಗೋಡೆ ಹಿಡ್ಕೊಂತಾಳೆ ಸಾರ್. ತುಳಿಸ್ದವಳು ನಾನೇ. ಗೊತ್ತಿರ್ಲಿಲ್ಲ. ಈಗ ಗೊತ್ತಿದೆ, ಗೊತ್ತಿದ್ದೂ ಮಾಡಿದ್ರೆ ನಾನು ಮನುಷ್ಯಳಾ?" ಎನ್ನುತ್ತಾರೆ ಶ್ಯಾಮಲಮ್ಮ.

ನಾನು ಮೈದಾನದಲ್ಲಿದ್ದ ಆ ಬೆಳಿಗ್ಗೆ ಸಾಮಾನ್ಯದ ಬೆಳಗಲ್ಲ. ಕೋಲಾರದಲ್ಲಿ ಅಂದು ಕ್ರೀಡಾ ಹಾಸ್ಟೆಲಿಗೆ ಆಯ್ಕೆ. ಆಯ್ಕೆಯಾದರೆ ಊಟ, ವಸತಿ, ಕಾಲೇಜು ಎಲ್ಲ ಉಚಿತ. ಈ ಶಾಲೆಯಿಂದ ಖಂಡಿತ ಆಯ್ಕೆಯಾಗುತ್ತಾಳೆ ಎಂದು ಎಲ್ಲರೂ ಹೇಳುತ್ತಿದ್ದದ್ದು ಹತ್ತನೇ ತರಗತಿಯ ಸಹನಳನ್ನು. ರೈಡಿಗೆ ಹೋದರೆ ಬರಿಗೈಯಲ್ಲಿ ಬಂದವಳಲ್ಲ. ಹಾಸ್ಟೆಲು ಸಿಗದಿದ್ದರೆ ಓದು ಇಲ್ಲಿಗೇ ನಿಲ್ಲುತ್ತದೆ ಎಂದು ಮನೆಯಲ್ಲಿ ಹೇಳಿಯಾಗಿದೆ.

ಅದೇ ಸಹನ ಹಿಂದಿನ ವಾರ ಕಾಲು ಉಳುಕಿಸಿಕೊಂಡಿದ್ದಳು. ಹೇಗೆ ಅಂತ ಕೇಳಿ. ಕಾಲು ಉಳುಕಿದ ದಿನ ಬೆಳಿಗ್ಗೆ ಶ್ಯಾಮಲಮ್ಮನನ್ನು ಮೈದಾನದಿಂದ ಎಬ್ಬಿಸಿ, ಸ್ಟೇಜಿಗೆ ಮಾವಿನ ತೋರಣ ಕಟ್ಟಲು ಕಳಿಸಿದ್ದರು. ಶಾಲಾ ಸಮಿತಿಯ ಅಧ್ಯಕ್ಷ ಚನ್ನರಾಯಪ್ಪ ಕಬಡ್ಡಿ ತಂಡಕ್ಕೆ ಒಂದು ಡಬ್ಬ ಟೇಪು ದಾನ ಮಾಡುವ ಸಮಾರಂಭ. ಡಬ್ಬದ ಮೇಲೆ ಅವರ ಫೋಟೋ, ಹಿಂದಿನ ಬ್ಯಾನರಿನಲ್ಲೂ ಅವರ ಫೋಟೋ. ಅತ್ತ ಕ್ರೀಡೆಗೆ ಪ್ರೋತ್ಸಾಹ ಎಂದು ಭಾಷಣ ನಡೆಯುತ್ತಿದ್ದರೆ, ಇತ್ತ ಯಾರೂ ಮುಚ್ಚದ ಗಾಲಿಜಾಡಿಗೆ ಸಹನಳ ಬಲಗಾಲು ಬಿತ್ತು. ಆ ಲಾರಿಗಳನ್ನು ಒಳಗೆ ಬಿಡುತ್ತಿರುವವರು ಯಾರು? ಇದೇ ಚನ್ನರಾಯಪ್ಪ. ಗುಂಡಿ ಮಾಡಿಸುವವರೂ ಅವರೇ, ಟೇಪು ಹಂಚುವವರೂ ಅವರೇ. ಇದಕ್ಕೆ ಚಪ್ಪಾಳೆ ಬೇರೆ ತಟ್ಟಿಸಿದ್ದಾರೆ.

ನಾನು ಅವರ ಮನೆಗೂ ಹೋಗಿದ್ದೆ. ಕಾಫಿ ಕೊಟ್ಟರು, ಮರ್ಯಾದೆಯಿಂದಲೇ ಮಾತಾಡಿದರು. ಲಾರಿಯವರು ನಿಂತರೆ ಊರಿನ ಹೋಟೆಲುಗಳಿಗೆ ನಾಲ್ಕು ಕಾಸು, ರಾತ್ರಿ ಹೊತ್ತು ಮೈದಾನ ಖಾಲಿಯೇ ತಾನೆ ಎಂದರು. ಮಕ್ಕಳ ಕಾಲಿನ ಗತಿ ಏನು ಎಂದೆ. "ಅದಕ್ಕೇ ತಾನೆ ಟೇಪು ಕೊಡ್ಸಿರೋದು?" ಎಂದರು. ಅಣಕಕ್ಕೆ ಹೇಳಿದ್ದಲ್ಲ, ನಂಬಿಕೊಂಡೇ ಹೇಳಿದ್ದು. ನನಗೆ ಮೈ ಉರಿಯಿತು, ಅರ್ಧ ಕಾಫಿ ಬಿಟ್ಟು ಎದ್ದು ಬಂದೆ.

ಆಯ್ಕೆಯ ಬೆಳಿಗ್ಗೆ ಸಹನಳ ಜೊತೆ ತಾಯಿ ಆದಿಲಕ್ಷ್ಮಿಯೂ ಬಂದಿದ್ದಾರೆ. ಬಾಡಿಗೆ ಜೀಪು ಗೇಟಿನಲ್ಲಿ ನಿಂತಿದೆ. ಕಾಂತರಾಜ್ ಮೇಷ್ಟ್ರು ಗಡಿಯಾರ ನೋಡುತ್ತಾರೆ. ಸಹನ ಪೆದ್ದಮ್ಮನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಕಾಲು ಚಾಚುತ್ತಾಳೆ. ಶ್ಯಾಮಲಮ್ಮ ಕಾಲನ್ನು ಮುಟ್ಟುವುದಿಲ್ಲ, ಕುಂಟೆಬಿಲ್ಲೆಯ ಕಡೆ ಕೈ ತೋರಿಸುತ್ತಾರೆ.

ಮೊದಲ ಮನೆ, ಎರಡನೆಯ ಮನೆ. ಹುಡುಗಿ ನಗುನಗುತ್ತಲೇ ಕುಂಟುತ್ತಾಳೆ. ತುದಿಗೆ ಹೋಗಿ ತಿರುಗುವಾಗ ಬಲಗಾಲು ಅದುರುತ್ತದೆ. ನಗು ಹಾಗೇ ಇದೆ, ಕಣ್ಣಲ್ಲಿ ನೀರು. ಇನ್ನೊಂದು ಮನೆ ಹಾರಿ ಎಡಗಾಲು ಊರಿಬಿಡುತ್ತಾಳೆ.

ಮೇಷ್ಟ್ರು ಕೇಳಿಕೊಂಡರು, ಇದೊಂದು ಸಲ ಬಿಗಿಯಾಗಿ ಸುತ್ತಿಬಿಡಿ, ಹತ್ತು ನಿಮಿಷ ಆಡಿ ತೋರಿಸಿದರೆ ಸಾಕು ಎಂದು. ಅವರು ಕೆಟ್ಟವರಲ್ಲ, ಅತಿಥಿ ಶಿಕ್ಷಕರು. ಒಬ್ಬಳಾದರೂ ಆಯ್ಕೆಯಾದರೆ ಬರುವ ವರ್ಷ ಅವರಿಗೂ ಕೆಲಸ ಉಳಿದೀತು. ಆದಿಲಕ್ಷ್ಮಿ ಕೈ ಮುಗಿದೇಬಿಟ್ಟರು. ಈ ಕಡೆಯವರಿಗೆ ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತದೆ. ಶ್ಯಾಮಲಮ್ಮ ಬೇಡವೆಂಬ ಒಂದೇ ಮಾತನ್ನು ಎರಡು ಸಲ ಹೇಳಿದರು: "ವದ್ದು ಅಂದ್ರೆ ವದ್ದು."

ಆಗ ಸಹನ ಹೇಳಿದ ಮಾತನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. "ನಿಮ್ಮ ಮಗಳದ್ದು ಹಾಳಾಯ್ತು ಅಂತ ನಂದೂ ಹಾಳು ಮಾಡ್ತಿದ್ದೀರಾ ಪೆದ್ದಮ್ಮಾ?"

ಶ್ಯಾಮಲಮ್ಮ ಟೇಪಿನ ಡಬ್ಬದ ಮುಚ್ಚಳ ಹಾಕಿದರು. "ಬೈಕೋ. ನನ್ನ ಮಗಳು ನನ್ನ ಬೈಯ್ಯೋದೇ ಇಲ್ಲ, ಅದು ಇನ್ನೂ ಕಷ್ಟ," ಎಂದರು.

ಜೀಪು ಉಳಿದ ಹುಡುಗಿಯರನ್ನು ಹತ್ತಿಸಿಕೊಂಡು ಹೊರಟಿತು. ಆದಿಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಂಡು, ಯಾರ ಕಡೆಯೂ ನೋಡದೆ ಮನೆಗೆ ಹೋದರು. ಸಹನ ಅಂಕಣದ ಅಂಚಿನಲ್ಲಿ ಕೂತಳು. ಇನ್ನೊಂದು ಸಲ ಅವಳನ್ನು ನೋಡಿ ಎಂದು ಆಯ್ಕೆ ಮಾಡುವವರನ್ನು ಕೇಳುತ್ತೇನೆ ಎಂದು ಮೇಷ್ಟ್ರು ಹೇಳಿ ಹೋಗಿದ್ದರು. ಅವರು ಒಪ್ಪಬಹುದು, ಒಪ್ಪದೆಯೂ ಇರಬಹುದು. ಇದನ್ನು ಬರೆಯುವ ಹೊತ್ತಿಗೂ ಉತ್ತರ ಬಂದಿಲ್ಲ. ಆ ಹುಡುಗಿಯ ಭವಿಷ್ಯ ಒಂದು ಲಾರಿಯ ಹಿಂದಿನ ಗಾಲಿಗೆ ಸಿಕ್ಕಿದೆ, ಅದಕ್ಕೆ ಜವಾಬ್ದಾರಿ ಹೊರುವವರು ಈ ತಾಲ್ಲೂಕಿನಲ್ಲಿ ಒಬ್ಬರೂ ಇಲ್ಲ. ಬೈಸಿಕೊಂಡದ್ದು ಮಾತ್ರ ಗುಂಡಿ ಮುಚ್ಚುವ ಹೆಂಗಸು.

ಪೇಪರಿನವರು ಬಂದಿದ್ದರು ಎಂಬ ಸುದ್ದಿ ಅಷ್ಟರಲ್ಲಿ ಊರೆಲ್ಲ ಹರಡಿತ್ತು. ಮಧ್ಯಾಹ್ನ ಚನ್ನರಾಯಪ್ಪನವರೇ ಶ್ಯಾಮಲಮ್ಮನಿಗೆ ಫೋನು ಮಾಡಿ, ಬರುವ ವಾರ ನಿನಗೆ ಶಾಲೆಯಲ್ಲಿ ಸನ್ಮಾನ ಇಟ್ಟಿದ್ದೇವೆ, ಬೇರೆ ಏನಾದರೂ ಬೇಕಿದ್ದರೆ ಕೇಳು ಎಂದರಂತೆ. ಇವರು ಕೇಳಿದ್ದು ಒಂದೇ. "ಶಾಲು ಬೇಡಣ್ಣಾ. ಗೇಟಿಗೆ ಒಂದು ಬೀಗ ಹಾಕ್ಸಿ, ಬೀಗದ ಕೈ ನನ್ನ ಹತ್ರ ಇರ್ಲಿ." ನೋಡೋಣ ಎಂದು ಅತ್ತಲಿಂದ ಉತ್ತರ ಬಂತು.

ಸನ್ಮಾನ ಆಯಿತು. ಮರುದಿನ ಬೆಳಿಗ್ಗೆ ನಾನು ಮತ್ತೆ ಹೋದೆ. ಗೇಟು ಹಾಗೇ ತೆರೆದಿದೆ, ಅಂಕಣದ ಮೇಲೆ ಹೊಸ ಗಾಲಿಜಾಡು. ಶ್ಯಾಮಲಮ್ಮನ ಕೈಯಲ್ಲಿ ಅದೇ ಸನಿಕೆ. ಕಟ್ಟೆ ಮೇಲೆ ಸಹನ ಕಾಲು ಚಾಚಿ ಕೂತು, ಕುಂಟೆಬಿಲ್ಲೆಗೆ ತನ್ನ ಸರದಿ ಬರಲೆಂದು ಕಾಯುತ್ತಿದ್ದಾಳೆ. ಇಬ್ಬರೂ ಹೆಚ್ಚು ಮಾತಾಡುತ್ತಿಲ್ಲ. ಆದರೆ ಹುಡುಗಿಯ ಊದಿದ ಕಾಲಿನ ಕೆಳಗೆ ದಿಂಬಿನ ಹಾಗೆ ಮಡಚಿಟ್ಟ ಬಟ್ಟೆಯಿದೆ. ಜರಿ ಅಂಚು ಕಂಡಿತು. ಸನ್ಮಾನದ ಶಾಲು.

ನಾನು ಅದನ್ನೇ ನೋಡುತ್ತಿರುವುದು ಗೊತ್ತಾಗಿ ಶ್ಯಾಮಲಮ್ಮ ಬಾಂಡಲಿ ಕೆಳಗಿಟ್ಟರು. "ಮೆತ್ತಗಿದೆ ಸಾರ್, ಕಾಲಿಗೆ ಚೆನ್ನಾಗಿ ಆಗುತ್ತೆ. ಬೀಗ ಯಾವಾಗ ಬರುತ್ತೆ ಅಂತ ಅವ್ರನ್ನ ಕೇಳಿ, ಅದನ್ನ ಬರೀರಿ."