ಹೆಸರಿಡುವುದು

ನನ್ನ ಮೇಜಿನ ಗಾಜಿನಡಿಯಲ್ಲಿ, ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿಸಿಕೊಂಡ ಹಳೆಯ ಲಗ್ನಪತ್ರಿಕೆಯೊಂದಿದೆ. ಅಫಜಲಪುರದ ಈ ಮುದ್ರಣದಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ನಾನು ಹೊಂದಿಸಿದ ಮೊದಲ ಪುಟವದು, ಅದರ ಕುಂಕುಮಗೆಂಪನ್ನು ಕಣ್ಣಂದಾಜಿನಲ್ಲೇ ಹದಗೊಳಿಸಿದೆನೆಂಬ ಜಂಬ ಇನ್ನೂ ಇಳಿದಿಲ್ಲ. ಬಣ್ಣವೆಂದರೆ ಈ ಶರಣಪ್ಪ ಎಂಬ ಮಾತು ಜೇವರ್ಗಿಯವರೆಗೂ ಇತ್ತು ಗೆಳೆಯರೇ, ಶಾಹೀನ್ ಬರುವವರೆಗೆ.

ಆಳಂದದಿಂದ ಬಂದು ಪಕ್ಕದ ಕುರ್ಚಿ ಹಿಡಿದ ಈ ಹುಡುಗಿ ಪ್ರತಿ ಬಣ್ಣಕ್ಕೂ ಒಂದು ಹೆಸರು ಕೊಟ್ಟು ಕಂಪ್ಯೂಟರಿನ ಪಟ್ಟಿಯಲ್ಲಿ ಉಳಿಸುತ್ತಾಳೆ: ತೊಗರಿಹೂ, ಕಬ್ಬಿನ ಗರಿ, ಭೀಮೆಯ ಹೊಸನೀರು. ಬಣ್ಣಕ್ಕೂ ತೊಟ್ಟಿಲು ಕಟ್ಟುವವಳು ಎಂದು ನಾನು ನಗೆಯಾಡಿದ್ದುಂಟು. ನಮ್ಮ ಕಡೆ ಹೆಸರಿಡುವುದೆಂದರೆ ಕುಂದು ಹುಡುಕುವುದು ಎಂದೂ ಅರ್ಥ. ಅವಳು ಬಣ್ಣಗಳಿಗೆ ಹೆಸರಿಡುತ್ತಿದ್ದಳು, ನಾನು ಅವಳಿಗೆ.

ಮೊನ್ನೆ ಯಡ್ರಾಮಿಯ ಹಿರಿಯರೊಬ್ಬರು ತಂದ ಸ್ಮರಣಸಂಚಿಕೆಯನ್ನು ನಾವಿಬ್ಬರೂ ಅರ್ಧರ್ಧ ಹಂಚಿಕೊಂಡು ಹೊಂದಿಸಿದ್ದೆವು. ಅವರು ನೋಡಿ, "ಕೆಂಪು ಭಾಳ ಕಣ್ಣಿಗಿ ಹೊಡಿತದರಿ, ತುಸು ತಣ್ಣಗ ಮಾಡ್ರಿ" ಎಂದರು. ಶಾಹೀನ್ ಪಟ್ಟಿಯಲ್ಲಿದ್ದ ಒಂದು ಬಣ್ಣವನ್ನು ತಿದ್ದಿದಳು. ಅದೇ ಹೆಸರಿನ ಬಣ್ಣ ಹಚ್ಚಿದ್ದ ಅವಳ ನಲವತ್ತೂ ಪುಟಗಳು ಒಮ್ಮೆಗೇ ತಣ್ಣಗಾದವು. ನಾನೋ, ಶೀರ್ಷಿಕೆ ಶೀರ್ಷಿಕೆಯನ್ನೂ ಗೆರೆ ಗೆರೆಯನ್ನೂ ಹಿಡಿದು ಬಣ್ಣ ಬದಲಿಸುತ್ತ ಹತ್ತನೆಯ ಪುಟ ಮುಟ್ಟುವಷ್ಟರಲ್ಲಿ ನನ್ನ ಕೆಂಪು ಮೂರು ಬಗೆಯಾಗಿತ್ತು. ಹಿರಿಯರು ಮಾಲೀಕರತ್ತ ತಿರುಗಿ, "ಇನ್ನ ಮ್ಯಾಲೆ ನಮ್ಮ ಕೆಲಸ ಈ ತಂಗಿ ಕೈಯಾಗೇ ಕೊಡ್ರಿ" ಎಂದುಬಿಟ್ಟರು. ಹೊಟ್ಟೆ ಉರಿಯಿತು, ಮುಚ್ಚಿಡುವುದೇಕೆ? ಇಷ್ಟು ವರ್ಷ ಕಾಪಾಡಿಕೊಂಡಿದ್ದ ನನ್ನ ಒಂದೇ ಹೆಸರು, ಹೆಸರಿಡಲು ಬಲ್ಲವಳ ಪಾಲಾಗಿತ್ತು.

ಅವಳು ಊಟಕ್ಕೆ ಎದ್ದಾಗ ಅವಳ ಪಟ್ಟಿಯಲ್ಲಾದರೂ ಕುಂದು ಸಿಕ್ಕೀತೆಂದು ಅವಳ ಕುರ್ಚಿಯಲ್ಲಿ ಕುಳಿತೆ. ಭೀಮೆಯ ಹೊಸನೀರಿನ ಕೆಳಗೇ ಇತ್ತು: ಶರಣಣ್ಣನ ಕುಂಕುಮ.

ಊಟ ಮುಗಿಸಿ ಬೆನ್ನ ಹಿಂದೆ ಬಂದು ನಿಂತಿದ್ದ ಶಾಹೀನ್ ಹೇಳಿದಳು, "ನಿಮ್ಮ ಹಳೇ ಲಗ್ನಪತ್ರಿಕಿ ಫೈಲಿನಾಗಿಂದ ತಗದ ಇಟ್ಟೇನ್ರಿ ಅಣ್ಣಾ. ಯಾರ ಏನರ ಅನ್ಲಿ, ಅದಕ್ಕ ಮಾತ್ರ ಕೈ ಹಚ್ಚಂಗಿಲ್ಲ."

ನಾಚಿಕೆಯಾಯಿತು. ಹೊಟ್ಟೆಕಿಚ್ಚು ಆರಿತೆಂದರೆ ಮಾತ್ರ ಸುಳ್ಳಾದೀತು. ನನ್ನ ಮೇಜಿಗೆ ಮರಳಿ ಗಾಜಿನಡಿ ನೋಡಿದೆ. ಕಿಟಕಿಯ ಬಿಸಿಲಿಗೆ ಲಗ್ನಪತ್ರಿಕೆಯ ಕುಂಕುಮ ಎಂದೋ ಇಟ್ಟಿಗೆಯ ಬಣ್ಣಕ್ಕಿಳಿದಿತ್ತು, ದಿನವೂ ನೋಡುವ ನನಗೇ ಗೊತ್ತಾಗಿರಲಿಲ್ಲ. ನನ್ನ ಕೆಂಪು ಹೇಗಿತ್ತೆಂದು ತಿಳಿಯಬೇಕಾದರೆ ಇನ್ನು ಶಾಹೀನಳನ್ನೇ ಕೇಳಬೇಕು.