ನೀರು ಕೇಳಿ ಬರುತ್ತಿದ್ದ ಅಕ್ಕೋರು

ತಿಕೋಟಾದಿಂದ ಬಂದ ಒಣದ್ರಾಕ್ಷಿಯನ್ನು ಮೊರದಲ್ಲಿ ಹಾಕಿಕೊಂಡು ತೊಟ್ಟು ಬಿಡಿಸುತ್ತ ಕೂತಿದ್ದೆ. ಹೊಸ ಮಾಲು. ಸಿಹಿ ವಾಸನೆಯ ಅಡಿಯಲ್ಲಿ ಹಣ್ಣು ಅದ್ದುವ ಔಷಧಿನೀರಿನ ಕಮಟು ಇನ್ನೂ ಉಳಿದಿತ್ತು, ಬೆರಳಿಗೂ ಅಂಟಿಕೊಂಡಿತ್ತು. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಕನ್ನಡಕ ಹುಡುಕಿ ಓದಿದೆ. ನಿಮ್ಮ ಮಗು ಇಂದು ಶಾಲೆಗೆ ಗೈರುಹಾಜರಾಗಿದೆ ಎಂದು ಶಾಲೆಯವರು ಕಳಿಸಿದ್ದರು.

ಮೊಮ್ಮಕ್ಕಳೇ, ನಿಮ್ಮಿಬ್ಬರಲ್ಲಿ ಯಾರ ಹೆಸರು ಅದರಲ್ಲಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ಓದುವಾಗ ಅವರಿಗೇ ತಿಳಿಯುತ್ತದೆ. ಬೆಳಿಗ್ಗೆ ಡಬ್ಬಿ ಕಟ್ಟಿ ನಾನೇ ಕಳಿಸಿದ್ದೆ. ಬಾಗಿಲಿಗೆ ಹೋದೆ, ಒಳಗೆ ಬಂದೆ, ಮತ್ತೆ ಬಾಗಿಲಿಗೆ ಹೋದೆ. ನಿಮ್ಮ ಅವ್ವನಿಗೆ ಫೋನು ಹಚ್ಚಿದೆ. ದವಾಖಾನೆಯಲ್ಲಿ ಡ್ಯೂಟಿ ಮೇಲಿದ್ದಳು, ಎತ್ತಲಿಲ್ಲ. ಶಾಲೆಗೇ ಫೋನು ಮಾಡಿ ಕೇಳೋಣವೆಂದರೆ ಗುರುತಿಲ್ಲದವರ ಜೊತೆ ಮಾತಾಡಲು ನನಗೆ ದನಿಯೇ ಹೊರಡುವುದಿಲ್ಲ, ಅದು ನಿಮಗೆ ಗೊತ್ತಿದ್ದದ್ದೇ. ಕೈಯಲ್ಲಿ ಆ ಮೆಸೇಜು, ಮೂಗಿನಲ್ಲಿ ಆ ವಾಸನೆ... ಅಕ್ಕೋರು ನೆನಪಾದರು.

ನೀವು ಮಿಸ್ ಅನ್ನುತ್ತೀರಿ, ನಾವು ಅಕ್ಕೋರು ಅನ್ನುತ್ತಿದ್ದೆವು. ನಮ್ಮೂರು ಘೋಣಸಗಿಯಲ್ಲಿ ನಿಮ್ಮ ಅವ್ವ ಏಳನೇ ಇಯತ್ತೆ ಓದುವಾಗ ಇದ್ದವರು. ತೆಳ್ಳನೆಯ ಮೈ, ನೀಲಿ ಛತ್ರಿ, ಹಿಮ್ಮಡಿ ಸವೆದ ಚಪ್ಪಲಿ. ಹುಡುಗರು ಸಾಲಿಗೆ ಬರುವುದು ತಪ್ಪಿದರೆ ಮನೆಗೇ ಬರುತ್ತಿದ್ದರು. ಯಾಕೆ ಕಳಿಸಿಲ್ಲ ಅಂತ ಕೇಳುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಕುಡಿಯಲು ನೀರು ಕೇಳುತ್ತಿದ್ದರು. ಆದರೆ ಆ ನೀರನ್ನು ಸಾಲಿ ತಪ್ಪಿಸಿದ ಹುಡುಗನೋ ಹುಡುಗಿಯೋ ತಂದುಕೊಡಬೇಕು. ಬೇರೆ ಯಾರು ತಂದರೂ ತಂಬಿಗೆಯನ್ನು ಪಕ್ಕಕ್ಕೆ ಇಟ್ಟುಕೊಂಡು ಸುಮ್ಮನೆ ಕೂತುಬಿಡುವರು.

ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ನೀರು, ಬೆಲ್ಲ. ಆಮೇಲೆ ಮಾತು. ನೀರು ಕುಡಿಯದೆ ಒಬ್ಬರು ಎದ್ದುಹೋದರೆ ಆ ಮನೆಯ ಸುದ್ದಿ ಸಂಜೆಯೊಳಗೆ ಓಣಿಯೆಲ್ಲ ತಿರುಗುತ್ತದೆ. ಹಾಗಾಗಿ, ಹುಡುಗಿ ಊರಲ್ಲೇ ಇಲ್ಲ ಅಂದವರ ಮನೆಯಿಂದಲೂ ಸ್ವಲ್ಪ ಹೊತ್ತಿಗೆ ಆ ಹುಡುಗಿ ತಲೆ ತಗ್ಗಿಸಿಕೊಂಡು ತಂಬಿಗೆ ಹಿಡಿದು ಬರುತ್ತಿದ್ದಳು. ಅಕ್ಕೋರು ಗಟಗಟ ಕುಡಿದು, ಅವಳನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಏನೋ ಹೇಳಿ ಹೋಗುವರು. ಮರುದಿನ ಅವಳು ಸಾಲಿಯಲ್ಲಿ.

"ಬಂದ್ರ ನೋಡವಾ, ನೀರಡಿಕಿ ಅಕ್ಕೋರು! ನಿಮ್ಮ ಸಾಲ್ಯಾಗ ಬೋರ್ ಇಲ್ಲೇನ್ರಿ?" ಅಂತ ಎದುರುಮನೆಯಾಕೆ ಚಾಷ್ಟಿ ಮಾಡುತ್ತಿದ್ದಳು.

"ಬೋರ್ ಐತ್ರಿ. ಹುಡುಗ್ರ ನಿಮ್ಮನ್ಯಾಗ ಅದಾರ" ಅನ್ನುವರು ಅಕ್ಕೋರು, ನಗದೇ.

ಆ ವರ್ಷ ನಿಮ್ಮ ಅಜ್ಜ ತೀರಿಕೊಂಡಿದ್ದರು. ಮನೆಯಲ್ಲಿ ನನ್ನ ಮಾವನವರ ಮಾತೇ ಮಾತು. ಶಿವರಾತ್ರಿ ಮುಗಿದು ದ್ರಾಕ್ಷಿ ಹಂಗಾಮು ಜೋರಾಗಿತ್ತು. ನಿಮ್ಮ ಅವ್ವನನ್ನು ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಒಂದು ಶೆಡ್ಡಿಗೆ ಕೆಲಸಕ್ಕೆ ಹಚ್ಚಿದರು. ಗೊನೆಗಳನ್ನು ಔಷಧಿನೀರಿನಲ್ಲಿ ಅದ್ದುವುದು, ಜಾಳಿಗೆ ಮೇಲೆ ಹರವುವುದು. ರಾತ್ರಿ ವಸ್ತಿ ಅಲ್ಲೇ, ದೂರದ ಸಂಬಂಧಿಕರ ಮನೆಯಲ್ಲಿ. ಹಂಗಾಮು ಮುಗಿದ ಮೇಲೆ ಮತ್ತೆ ಸಾಲಿಗೆ ಕಳಿಸುವ ಮಾತೇ ಇರಲಿಲ್ಲ. ಲಗ್ನದ ಮಾತು ನಡೆದಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಬಿಟ್ಟ ಮೇಲೆ ಏನಾಗುತ್ತದೆ ಅಂತ ಆ ಮನೆಯಲ್ಲಿ ನನ್ನಷ್ಟು ಬಲ್ಲವರು ಯಾರೂ ಇರಲಿಲ್ಲ, ಆದರೂ...

ಒಂದು ವಾರ ಕಳೆಯಿತು. ಅಕ್ಕೋರು ಬಂದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅತ್ತೆ ನೀರು, ಬೆಲ್ಲ ತಂದಿಟ್ಟರು.

"ಹುಡುಗಿ ತರ್ಲಿ ಬಿಡ್ರಿ" ಅಂದರು ಅಕ್ಕೋರು.

"ಆಕಿ ಎಲ್ಲ್ಯದಾಳ್ರಿ? ಸೋದರಮಾವನ ಊರಿಗೆ, ನಿಡೋಣಿಗೆ ಹೋಗ್ಯಾಳ" ಅಂದರು ಅತ್ತೆ. ನಿಡೋಣಿ ನನ್ನ ತವರು.

"ಆತು. ಬರೂತನಾ ಕುಂಡ್ರತೇನಿ."

ಮಾವನವರು ರುಮಾಲು ಕೊಡವಿ ಎದ್ದು ಬಂದರು. "ಏನ್ರಿ ಅಕ್ಕೋರ, ಕಾಯ್ದೆ ತೋರ್ಸಾಕ ಬಂದೀರೇನು? ಹುಡುಗಿ ನಮ್ದು, ಮನಿ ನಮ್ದು."

"ಕಾಯ್ದೆ ಹಿಂದಿಂದ ಬರತೈತ್ರಿ ಯಜಮಾನ್ರ, ನೋಟಿಸ್ ತಗೊಂಡು. ಅದಕ್ಕಿಂತ ಮೊದ್ಲ ನಾ ಬಂದೇನಿ. ನೋಟಿಸ್ ನೀರ ಕೇಳೂದಿಲ್ಲ. ನಾ ಕೇಳಾಕತ್ತೇನಿ."

ಮಾವನವರು ಮತ್ತೆ ತಮ್ಮ ಜಾಗಕ್ಕೆ ಹೋಗಿ ಕೂತರು. ಅಕ್ಕೋರಿಗೆ ಹೋಗಿ ಅಂತ ಮಾತ್ರ ಅನ್ನಲಿಲ್ಲ.

ಬಿಸಿಲು ಸರಿದು ಸರಿದು ಕಟ್ಟೆಯ ಮೇಲೆ ಬಂತು. ಅಕ್ಕೋರು ಛತ್ರಿ ಬಿಚ್ಚಲಿಲ್ಲ. ತುಟಿ ಒಣಗಿ ಬೆಳ್ಳಗಾಗಿತ್ತು. ಅವರ ಲೆಕ್ಕದಲ್ಲಿ ಹುಡುಗಿ ಒಳಗೇ ಇದ್ದಾಳೆ, ನಾಚಿಕೊಂಡೋ ಹೆದರಿಕೊಂಡೋ ಕೂತಿದ್ದಾಳೆ, ಇನ್ನೇನು ಬರುತ್ತಾಳೆ. ಎಷ್ಟು ಕೂತರೂ ಬರುವವರು ಯಾರೂ ಇಲ್ಲ ಅನ್ನುವುದು ನನಗೆ ಗೊತ್ತು. ಒಲೆಗೆ ಹೋದೆ, ಬಾಗಿಲಿಗೆ ಬಂದೆ. ರೊಟ್ಟಿ ಹೊತ್ತಿಹೋಯಿತು. ಮದುವೆಯಾಗಿ ಬಂದಾಗಿನಿಂದ ಮಾವನವರ ಎದುರು ನಾನು ಬಾಯಿ ತೆರೆದದ್ದಿಲ್ಲ. ಕಡೆಗೆ ಕೊಡದಿಂದ ತಣ್ಣನೆಯ ನೀರು ತುಂಬಿಕೊಂಡೆ. ಸೆರಗನ್ನು ಹಣೆಯ ತನಕ ಎಳೆದುಕೊಂಡು ಹೊರಗೆ ಬಂದೆ.

"ಆಕಿ ಮನ್ಯಾಗಿಲ್ರಿ ಅಕ್ಕೋರ. ನಿಡೋಣ್ಯಾಗೂ ಇಲ್ಲ. ತಿಕೋಟಾದಾಗ ಶೆಡ್ಡಿನ್ಯಾಗ ಅದಾಳ. ನಾ ತಂದೇನಿ ನೀರ, ಕುಡೀರಿ."

"ಯವ್ವಾ, ಮೂಕಿ ಮಾತಾಡಿದ್ಲಲ್ಲ!" ಅಂದರು ಅತ್ತೆ. ಮಾವನವರು ಗೋಡೆಯ ಕಡೆ ಮುಖ ತಿರುಗಿಸಿದರು.

ಅಕ್ಕೋರು ಪೂರ್ತಿ ಕುಡಿದರು. ಬಾಯಿ ಒರೆಸಿಕೊಂಡು, "ನಡೀರಿ, ನೀವೂ ಬರ್ರಿ. ನಾ ಒಬ್ಬಾಕಿ ಹೋಗಿ ಕರದ್ರ ಮಾಲಕ ಜಗಳಾ ತಗೀತಾನ. ಅವ್ವ ಬಂದ್ರ ಏನಂತಾನ?" ಅಂದರು. ಚಪ್ಪಲಿ ಹಾಕಿಕೊಂಡು ಹಿಂದೆ ನಡೆದುಬಿಟ್ಟೆ. ಇಬ್ಬರೂ ತಿಕೋಟಾದ ಬಸ್ಸು ಹತ್ತಿದೆವು.

ಶೆಡ್ಡಿನ ಸುತ್ತ ಹಸಿರು ಪರದೆ ಬಿಟ್ಟಿದ್ದರು. ಒಳಗೆ ಓಡಿದ ಸಪ್ಪಳ ಕೇಳಿಸಿತು. ಮಾಲಕ ಅಡ್ಡ ಬಂದ. "ಸಾಲಿ ಹುಡುಗ್ರು ಇಲ್ಲಿ ಯಾರೂ ಇಲ್ರಿ ಬಾಯಾರ, ಎಲ್ಲಾ ದೊಡ್ಡಾರ."

ನಾನು ಬಾಯಿ ತೆರೆಯಬೇಕು ಅನ್ನುವುದರಲ್ಲಿ ಅಕ್ಕೋರು ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಪಾಠ ಹೇಳುವ ದನಿ ತೆಗೆದರು. "ಇಲ್ಲಂದ್ರ ಇರ್ಲಿ ಬಿಡ ಯಪ್ಪಾ. ಬಿಸಲಾಗ ಬಂದೇನಿ, ಯಾರರ ನೀರ ಕೊಡ್ತೀರೇನು?"

ಪರದೆ ಸರಿಯಿತು. ನಿಮ್ಮ ಅವ್ವ ಪ್ಲಾಸ್ಟಿಕ್ ಜಗ್ಗು ಹಿಡಿದು ಬಂದಳು. ಅವಳ ಹಿಂದೆ ನಮ್ಮ ಊರಿನವರೇ ಇನ್ನಿಬ್ಬರು ಹುಡುಗಿಯರು, ಗ್ಲಾಸು ಹಿಡಿದುಕೊಂಡು! ಅವರು ಅಲ್ಲಿದ್ದದ್ದು ನನಗೂ ಗೊತ್ತಿರಲಿಲ್ಲ. ಅಕ್ಕೋರ ದನಿಗೆ ಅವರ ಕಾಲುಗಳು ತಾವೇ ಎದ್ದು ಬಂದಿದ್ದವು. ಮಾಲಕ ದೂರದ ದನ ನೋಡುವವನ ಹಾಗೆ ಬೇರೆ ಕಡೆ ನೋಡಿದ.

ನಿಮ್ಮ ಅವ್ವನ ಬೆರಳ ತುದಿಗಳು ಬಿರಿದಿದ್ದವು. ಜಗ್ಗಿನಿಂದಲೂ ಅದೇ ಔಷಧಿ ವಾಸನೆ. ಅಕ್ಕೋರು ಮೂವರ ಕೈಯಿಂದಲೂ ಕುಡಿದರು. ಒಬ್ಬೊಬ್ಬರ ಕಿವಿಯಲ್ಲೂ ಏನೋ ಹೇಳಿದರು. ಬಸ್ಸಿನಲ್ಲಿ ಬರುವಾಗ ನಾವು ಐದು ಮಂದಿ.

ಆಮೇಲೆ ಎಷ್ಟೋ ದಿನ ಮನೆಯಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ. ನನಗೆ ಅದರಿಂದ ಅಂಥ ತ್ರಾಸೇನೂ ಆಗಲಿಲ್ಲ, ಮೊದಲಾದರೂ ಎಷ್ಟು ಮಾತಿತ್ತು? ನಿಮ್ಮ ಅವ್ವ ಪರೀಕ್ಷೆಗೆ ಕೂತಳು, ಮುಂದೆಯೂ ಓದಿದಳು. ಆ ಇಬ್ಬರಲ್ಲಿ ಒಬ್ಬಳು ಮರುವರ್ಷ ಮತ್ತೆ ಶೆಡ್ಡಿಗೆ ಹೋದಳು. ಅಷ್ಟರಲ್ಲಿ ಅಕ್ಕೋರಿಗೆ ಬೇರೆ ಕಡೆ ವರ್ಗವಾಗಿತ್ತು. ಅವಳ ಮನೆಗೆ ಯಾರೂ ನೀರು ಕೇಳಿಕೊಂಡು ಹೋಗಲಿಲ್ಲ. ನೋಟಿಸು ಬಂತೋ ಇಲ್ಲವೋ, ಗೊತ್ತಿಲ್ಲ.

ಅಕ್ಕೋರು ತೀರಿಕೊಂಡ ಸುದ್ದಿಯೂ ನಮಗೆ ತಡವಾಗಿ ಬಂತು. ಅಂದು ನಿಮ್ಮ ಅವ್ವ ಡ್ಯೂಟಿಯಿಂದ ಬಂದವಳು ಒಂದು ತಂಬಿಗೆ ನೀರು ತುಂಬಿ ಹೊರಗಿನ ಕಟ್ಟೆಯ ಮೇಲಿಟ್ಟಳು. ಬೆಳಿಗ್ಗೆಯ ತನಕ ಅದನ್ನು ನಾವು ಮುಟ್ಟಲಿಲ್ಲ.

ಮೊನ್ನೆ ಆ ಮೆಸೇಜು ನೋಡಿದ ಮೇಲೆ ನಾನೂ ನೀರು ಕುಡಿಯಲಿಲ್ಲ. ಬಾಗಿಲಲ್ಲೇ ಕೂತೆ. ಸಾಲಿ ಬಿಡುವ ಹೊತ್ತಿಗೆ ಸರಿಯಾಗಿ ಬೆನ್ನ ಮೇಲೆ ಚೀಲ ಹಾಕಿಕೊಂಡು ನಮ್ಮ ಗೈರುಹಾಜರಿ ಬಂತು. "ಒಂದ ತಂಬಿಗಿ ನೀರ ತಂದ ಕೊಡು" ಅಂದೆ.

ತಂದುಕೊಟ್ಟಿತು. ನಾನು ಕುಡಿಯುವುದರೊಳಗೇ ಮಾತು ಹೊರಬಿತ್ತು. "ಗಣಿತ ಟೆಸ್ಟ್ ಇತ್ತಜ್ಜಿ. ಗೋಳಗುಮ್ಮಟದ ತ್ವಾಟದಾಗ ಕುಂತಿದ್ದೆ. ಅವ್ವಗ ಹೇಳಬ್ಯಾಡ."

ಇನ್ನು ಕಿವಿಯಲ್ಲಿ ಏನೋ ಹೇಳಬೇಕಿತ್ತು. ಮಗುವೂ ಕಾಯುತ್ತ ನಿಂತಿತ್ತು. ಆದರೆ ಅಕ್ಕೋರು ಏನು ಹೇಳುತ್ತಿದ್ದರು ಅಂತ ನನಗೆ ಗೊತ್ತಿಲ್ಲ... ನಿಮ್ಮ ಅವ್ವನನ್ನು ಎಷ್ಟೋ ಸಲ ಕೇಳಿದ್ದೇನೆ, ನಕ್ಕು ಎದ್ದುಹೋಗುತ್ತಾಳೆ. ಈಗ ಅಕ್ಕೋರನ್ನು ಕೇಳೋಣವೆಂದರೆ ಅವರೇ ಇಲ್ಲ. ಖಾಲಿ ತಂಬಿಗೆ ಹಿಡಿದುಕೊಂಡು ಕೂತೆ. ಕಡೆಗೆ ನನಗೆ ಬಂದದ್ದು ಇಷ್ಟೇ.

"ನಾಳೆ ಸಾಲಿ ಗೇಟಿನ ತನಕ ನಾನೂ ಬರ್ತೇನಿ, ನಡಿ."